ಚಾವಡಿಯಲ್ಲಿ ಅರಬ್ಬೀ ಸಮುದ್ರ: ಬಳಕೆದಾರರ ಕೈಪಿಡಿ

ಈ ಕೈಪಿಡಿ ಯಾರಿಗೆ

ಇನ್ನಂಜೆ, ಶಂಕರಪುರ, ಕಟಪಾಡಿ, ಕಾಪು ಸುತ್ತಮುತ್ತ ಮನೆಯ ಚಾವಡಿಯಲ್ಲಿ ಸಾವಿರ ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟು, ಈಗ ಅದರ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಚಿಂತೆಯಲ್ಲಿ ಕುಳಿತಿರುವ ಗೃಹಸ್ಥರಿಗಾಗಿ ಇದನ್ನು ಸಿದ್ಧಪಡಿಸಲಾಗಿದೆ. ತೊಟ್ಟಿ ಆರಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರ. ನೀರೊಂದೇ ಒಂದು ಟನ್ನಿನ ಮೇಲೆ ತೂಗುತ್ತದೆ. ಅಜ್ಜನ ಕಾಲದ ನೆಲ ಇನ್ನೂ ಕುಸಿದಿಲ್ಲ ಎಂಬುದು ಈ ಇಡೀ ವ್ಯವಹಾರದಲ್ಲಿ ನಿಮಗೆ ಸಿಗುವ ಮೊದಲ ಒಳ್ಳೆಯ ಸುದ್ದಿ. ಸಿಹಿನೀರಿನಲ್ಲಿ ನಾಲ್ಕು ಗೋಲ್ಡ್‌ಫಿಷ್ ಬಿಟ್ಟುಕೊಂಡವರು ಮುಂದೆ ಓದಬೇಕಾಗಿಲ್ಲ. ಅವರಿಗೆ ದೇವರು ಒಳ್ಳೆಯ ಬುದ್ಧಿ ಕೊಟ್ಟಿದ್ದಾನೆ.

“ಸಮುದ್ರ ಇಲ್ಲೇ ಹತ್ತು ಕಿಲೋಮೀಟರಿನೊಳಗೆ ಉಂಟಲ್ಲ ಮಾರಾಯ, ಮನೆಯೊಳಗೆ ಇನ್ನೊಂದು ಎಂತಕ್ಕೆ?” ಎಂಬ ಪ್ರಶ್ನೆಗೆ ಈ ಕೈಪಿಡಿಯಲ್ಲಿ ಉತ್ತರವಿಲ್ಲ. ಅದನ್ನು ಗಾಜು ತರುವ ಮೊದಲು ಕೇಳಬೇಕಿತ್ತು. ಸಮಾಧಾನಕ್ಕೆ ಇಷ್ಟು ಹೇಳಬಹುದು: ಹುಚ್ಚು ನಿಮ್ಮಿಂದ ಶುರುವಾದದ್ದಲ್ಲ. ಲಂಡನ್ನಿನ ಪ್ರಾಣಿಸಂಗ್ರಹಾಲಯ 1853ರಲ್ಲಿ ಸಾರ್ವಜನಿಕರಿಗೆ ಗಾಜಿನೊಳಗಿನ ಮೀನು ತೋರಿಸಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅಕ್ವೇರಿಯಂ ಬಗ್ಗೆಯೇ ಒಂದು ಪುಸ್ತಕ ಬರೆದ. ಇಂಗ್ಲೆಂಡಿನ ಬೈಠಕ್‌ಖಾನೆಗಳಲ್ಲಿ ಸಮುದ್ರ ಸಾಕುವ ಗೀಳು ಹತ್ತಿತು. ನಮ್ಮ ಕಡೆಗೆ ಅದು ಬಂದದ್ದು ಬಹುಶಃ ಮುಂಬೈ ದಾರಿಯಿಂದ: ಮರೀನ್ ಡ್ರೈವಿನಲ್ಲಿ 1951ರಲ್ಲಿ ಬಾಗಿಲು ತೆರೆದ ತಾರಾಪೋರ್‌ವಾಲಾ ಅಕ್ವೇರಿಯಂ ಕೂಡ ಸಮುದ್ರಕ್ಕೆ ಮುಖ ಮಾಡಿಯೇ ನಿಂತಿತ್ತು. ಹೋಟೆಲಿನ ಕೆಲಸಕ್ಕೆ ಹೋದ ಹುಡುಗರು ರಜೆಯ ದಿನ ಟಿಕೇಟು ತೆಗೆದು, ಊರಿನಲ್ಲಿ ಸಾರಿಗೆ ಹಾಕುವ ಪ್ರಾಣಿಯನ್ನು ಅಲ್ಲಿ ದುಡ್ಡು ಕೊಟ್ಟು ನೋಡಿ ಬಂದರು. ಅವರಲ್ಲೊಬ್ಬ ನಿಮ್ಮ ಮಾವನೋ ದೊಡ್ಡಪ್ಪನೋ ಆಗಿರಬಹುದು. ರೋಗದ ಮೂಲ ಹುಡುಕುವುದು ಇಲ್ಲಿಗೆ ಸಾಕು.

ನಿಮ್ಮ ನೀರಿಗೆ ಏನಾಗಿದೆ

ಮೀನು ತಿನ್ನುತ್ತದೆ. ತಿಂದದ್ದರ ಸಾರಜನಕ ಕಿವಿರಿನಿಂದ ಅಮೋನಿಯಾ ಆಗಿ ಹೊರಬರುತ್ತದೆ, ಅದು ವಿಷ. ಕಲ್ಲು, ಮರಳು, ಫಿಲ್ಟರಿನ ಮೇಲೆ ಅಂಟಿಕೊಂಡಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಲ್ಲಿಗೆ ಆಮ್ಲಜನಕವಿರುವ ನೀರಿನಲ್ಲಿ ದಾರಿ ಮುಗಿಯಿತು. ನೈಟ್ರೇಟ್ ಅಮೋನಿಯಾದಂತೆ ಒಂದೇ ರಾತ್ರಿಯಲ್ಲಿ ಕೊಲ್ಲುವ ಜಾತಿಯದ್ದಲ್ಲ. ಅದು ಸುಮ್ಮನೆ ಕೂತು ಕೂತು ಹೆಚ್ಚುತ್ತದೆ. ಗಾಜಿಗೆ ಕಂದು ಪಾಚಿ ಹಿಡಿಯುತ್ತದೆ, ಹವಳ ಮುದುಡುತ್ತದೆ, ಮೀನು ಮಾತ್ರ ಏನೂ ಆಗದ ಹಾಗೆ ಈಜುತ್ತಿರುತ್ತದೆ. ಬೆನ್ನೆಲುಬಿಲ್ಲದ ಜೀವಿಗಳಿಗಿಂತ ಮೀನಿನ ತಾಳಿಕೆ ಎಷ್ಟೋ ಜಾಸ್ತಿ. ಆದ್ದರಿಂದಲೇ ಯಜಮಾನನಿಗೆ ವಿಷಯ ಗೊತ್ತಾಗುವುದು ತಡ.

ಹವಳ ಸಾಕುವವರಿಗೆ ಲೀಟರಿಗೆ ಐದರಿಂದ ಹತ್ತು ಮಿಲಿಗ್ರಾಂ ನೈಟ್ರೇಟ್ ಆರಾಮದ ಮಟ್ಟ. ಬರೀ ಮೀನಾದರೆ ಇಪ್ಪತ್ತು, ಮೂವತ್ತು ಕೂಡ ನಡೆಯುತ್ತದೆ. ನಿಮ್ಮದು ಎಂಬತ್ತು ಇದೆ ಎಂದು ಇಟ್ಟುಕೊಳ್ಳೋಣ. ನಾವು ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 45.

ಈಗ ಕಾಪುವಿನ ಸಮುದ್ರಕ್ಕೆ ಬನ್ನಿ. ಬೇಸಗೆಯಲ್ಲಿ ಮೇಲ್ಮೈ ನೀರಿನಲ್ಲಿ ನೈಟ್ರೇಟ್ ಇದೆ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ವ್ಯತ್ಯಾಸವಿಲ್ಲ. ಮನೆಯ ಪರೀಕ್ಷೆಯ ಕಿಟ್ಟಿಗೆ ಅದು ಸೊನ್ನೆ. ಮಳೆಗಾಲದಲ್ಲಿ ಗಾಳಿ, ಪ್ರವಾಹ ಸೇರಿ ಮೇಲಿನ ನೀರನ್ನು ದೂರ ಸರಿಸಿದಾಗ ಆಳದ ತಣ್ಣನೆಯ ನೀರು ದಡದ ಕಡೆ ಮೇಲೇಳುತ್ತದೆ. ಆ ನೀರು ನೈಟ್ರೇಟಿನಿಂದ ಸಮೃದ್ಧ. ಅದನ್ನು ತಿಂದು ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ, ಅವನ್ನು ತಿಂದು ಬೂತಾಯಿ ಕೊಬ್ಬುತ್ತದೆ, ಬೂತಾಯಿ ತಿಂದು ನಾವು. ಈ “ಸಮೃದ್ಧ” ನೀರಿನಲ್ಲಿ ನೈಟ್ರೇಟ್ ಎಷ್ಟು ಎಂದುಕೊಂಡಿರಿ? ಲೀಟರಿಗೆ ಹೆಚ್ಚೆಂದರೆ ಎರಡು ಮಿಲಿಗ್ರಾಂ ಆಸುಪಾಸು. ಎರಡರಲ್ಲಿ ಇಡೀ ಕರಾವಳಿಯ ಊಟ ನಡೆಯುತ್ತದೆ. ಎಂಬತ್ತರಲ್ಲಿ ನೀವು ಎಂಟು ಮೀನು ಸಾಕಿದ್ದೀರಿ.

ಮೊದಲ ಹಂತ: ಅಳೆಯಿರಿ, ಆದರೆ ನಿಜವಾಗಿ ಅಳೆಯಿರಿ

ಪರೀಕ್ಷೆಯ ಕಿಟ್ಟಿನಲ್ಲಿ ಸಾಮಾನ್ಯವಾಗಿ ಎರಡು ದ್ರಾವಣವೋ ಒಂದು ಪುಡಿಯೋ ಇರುತ್ತದೆ. ಗಾಜಿನ ನಳಿಕೆಯಲ್ಲಿ ಐದು ಮಿಲಿಲೀಟರ್ ನೀರು, ಇದರಿಂದ ಇಷ್ಟು ಹನಿ, ಅದರಿಂದ ಅಷ್ಟು ಹನಿ, ಹತ್ತು ನಿಮಿಷ ಕಾಯುವುದು, ಬಣ್ಣದ ಕಾರ್ಡಿಗೆ ಹೋಲಿಸುವುದು. ದ್ರಾವಣದ ಎರಡನೇ ಬಾಟಲಿಯಲ್ಲಿ ಕೆಲಸಕ್ಕೆ ಬೇಕಾದ ಪುಡಿ ತಳದಲ್ಲಿ ಕೂತಿರುತ್ತದೆ. ಅದನ್ನು ಅರ್ಧ ನಿಮಿಷ ಕೈ ನೋಯುವಷ್ಟು ಕುಲುಕಬೇಕು. ಕುಲುಕದಿದ್ದರೆ ಫಲಿತಾಂಶ ಯಾವಾಗಲೂ ಚೆನ್ನಾಗಿಯೇ ಬರುತ್ತದೆ. ಊರಿನಲ್ಲಿ “ನಮ್ಮದು ಐದೇ ಉಂಟು” ಎನ್ನುವವರ ಬಾಟಲಿಯ ತಳವನ್ನು ಒಮ್ಮೆ ನೋಡುವುದು ಒಳ್ಳೆಯದು.

ಬಣ್ಣ ನೋಡುವುದನ್ನು ಒಬ್ಬರೇ ಮಾಡಿ. ಮನೆಮಂದಿಯನ್ನು ಕರೆದರೆ ಹೆಂಡತಿಗೆ ಅದು ಗುಲಾಬಿ, ಮಗಳಿಗೆ ಪಿಂಕು, ಅತ್ತೆಗೆ ದಾಸವಾಳ, ನಿಮಗೆ ಹಳದಿಯೇ ಆಗಿರಬೇಕೆಂಬ ಆಸೆ. ಟ್ಯೂಬ್‌ಲೈಟಿನ ಕೆಳಗೆ ಬೇಡ. ಅಂಗಳಕ್ಕೆ ಬಂದು ಹಗಲು ಬೆಳಕಿನಲ್ಲಿ, ಬಿಳಿ ಕಾಗದ ಹಿಂದಿಟ್ಟು ನೋಡಿ. ಐವತ್ತರಿಂದ ಮೇಲೆ ಕಾರ್ಡಿನ ಕೆಂಪುಗಳೆಲ್ಲ ಒಂದೇ ತರಹ ಕಾಣುತ್ತವೆ. ಆಗ ತೊಟ್ಟಿಯ ನೀರು ಒಂದು ಪಾಲು, ಆರ್‌ಓ ನೀರು ಒಂಬತ್ತು ಪಾಲು ಬೆರೆಸಿ ಅಳೆದು, ಬಂದದ್ದನ್ನು ಹತ್ತರಿಂದ ಗುಣಿಸಿ. ನೈಟ್ರೈಟ್ ಇರುವ ಹೊಸ ತೊಟ್ಟಿಯಲ್ಲಿ ಈ ಕಿಟ್ಟುಗಳು ಇಲ್ಲದ ನೈಟ್ರೇಟನ್ನೂ ತೋರಿಸುತ್ತವೆ, ಯಾಕೆಂದರೆ ಅವು ನೈಟ್ರೇಟನ್ನು ನೈಟ್ರೈಟ್ ಮಾಡಿಯೇ ಬಣ್ಣ ಬರಿಸುವುದು.

ಇನ್ನೊಂದು ಬಲೆ. ಕೆಲವು ಕಿಟ್ಟು ನೈಟ್ರೇಟಿನ ಒಟ್ಟು ತೂಕ ಹೇಳುತ್ತವೆ, ಕೆಲವು ಅದರೊಳಗಿನ ಸಾರಜನಕದ ತೂಕ ಮಾತ್ರ. ಎರಡನೆಯದರಲ್ಲಿ ಹತ್ತು ಬಂದರೆ ಮೊದಲನೆಯದರಲ್ಲಿ ಅದು ನಲವತ್ತನಾಲ್ಕು. ರಾತ್ರಿ ನಿದ್ದೆ ಬೇಕಾದವರು ಎರಡನೆಯದನ್ನು ಕೊಳ್ಳುತ್ತಾರೆ.

ಎರಡನೇ ಹಂತ: ಕೈ ಕಟ್ಟಿ

ನೈಟ್ರೇಟ್ ಇಳಿಸುವ ಯಂತ್ರಗಳ ಪಟ್ಟಿಗೆ ಹೋಗುವ ಮೊದಲು ನಿಮ್ಮ ಬಲಗೈ ನೋಡಿಕೊಳ್ಳಿ. ತೊಟ್ಟಿಗೆ ಬರುವ ನೈಟ್ರೇಟಿನ ಬಹುಪಾಲು ಅದರಿಂದಲೇ ಬಂದದ್ದು.

ಲೆಕ್ಕ ಸುಲಭ. ಕಾಪು ಪೇಟೆಯಿಂದ ತಂದ ಸಿಗಡಿ, ಸಿಪ್ಪೆ ಸುಲಿದು ದಿನಕ್ಕೆ ಐವತ್ತು ಗ್ರಾಂ ಹಾಕುತ್ತೀರಿ ಎನ್ನೋಣ. ಒಂದು ಹಿಡಿಗಿಂತ ಸ್ವಲ್ಪ ಕಡಿಮೆ. ಅದರಲ್ಲಿ ಐದನೇ ಒಂದು ಪಾಲು, ಅಂದರೆ ಹತ್ತು ಗ್ರಾಂ ಪ್ರೋಟೀನು. ಪ್ರೋಟೀನಿನಲ್ಲಿ ಶೇಕಡಾ ಹದಿನಾರು ಸಾರಜನಕ: 1.6 ಗ್ರಾಂ. ಅದು ಪೂರ್ತಿ ನೈಟ್ರೇಟ್ ಆದರೆ ಏಳು ಗ್ರಾಂ. ಸಾವಿರ ಲೀಟರಿಗೆ ಹಂಚಿದರೆ ಲೀಟರಿಗೆ ಏಳು ಮಿಲಿಗ್ರಾಂ, ಒಂದೇ ದಿನಕ್ಕೆ. ಒಂದಷ್ಟು ಮೀನಿನ ಮೈಗೆ ಹೋಯಿತು, ಒಂದಷ್ಟು ನೊರೆಯಾಗಿ ಹೊರಬಿತ್ತು ಎಂದು ಅರ್ಧ ಬಿಟ್ಟರೂ ವಾರಕ್ಕೆ ಇಪ್ಪತ್ತೈದು ಏರುತ್ತದೆ.

ಅದೂ ನೀವೊಬ್ಬರೇ ಹಾಕಿದರೆ. ಬೆಳಿಗ್ಗೆ ತುಳಸಿಗೆ ನೀರೆರೆದು ಬಂದ ಅಮ್ಮ ಒಂದು ಚಿಟಿಕೆ ಹಾಕುತ್ತಾರೆ, “ಪಾಪ, ಬಾಯಿ ಬಾಯಿ ಬಿಡ್ತಾ ಉಂಟು.” ಮೀನು ಬಾಯಿ ಬಿಡುವುದು ಉಸಿರಾಡಲಿಕ್ಕೆ ಎಂದು ನೀವು ಹೇಳುತ್ತೀರಿ. “ಹಸಿವಾದರೂ ಹಾಗೇ ಅಲ್ವಾ ಬಿಡುವುದು?” ಎನ್ನುತ್ತಾರೆ. ಇದಕ್ಕೆ ಜೀವಶಾಸ್ತ್ರದಲ್ಲಿ ಉತ್ತರವಿಲ್ಲ. ಮಧ್ಯಾಹ್ನ ಶಾಲೆಯಿಂದ ಬಂದ ಮಕ್ಕಳು, ಸಂಜೆ ಬಂದ ನೆಂಟರು, ನೆಂಟರ ಮಕ್ಕಳು, ಯಾರೂ ಇಲ್ಲದಾಗ ನೀವೇ ಇನ್ನೊಮ್ಮೆ. ಗಾಜಿನ ಹತ್ತಿರ ಯಾರು ನಿಂತರೂ ಎಂಟೂ ಮೀನು ಮುಂದೆ ಬಂದು ಸಾಲಾಗಿ ನಿಲ್ಲುವುದನ್ನು ಕಲಿತಿವೆ. ಅದು ಪ್ರೀತಿ ಎಂದು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಉಪಾಯ: ಏಳು ಸಣ್ಣ ಡಬ್ಬಿ ತೆಗೆದುಕೊಂಡು ವಾರದ ಆಹಾರವನ್ನು ಭಾನುವಾರವೇ ತೂಗಿ, ತುಂಬಿಸಿ, ಮೇಲೆ ವಾರದ ಹೆಸರು ಬರೆಯಿರಿ. ಮಂಗಳವಾರದ ಡಬ್ಬಿ ಖಾಲಿ ಆದ ಮೇಲೆ ಬುಧವಾರದವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಮಠದ ಸ್ವಾಮಿಗಳು ಮನೆಗೆ ಬಂದರೂ. ಫ್ರೀಜರಿನ ಸಿಗಡಿ ಕರಗಿದಾಗ ಬರುವ ಬಿಳಿ ನೀರನ್ನು ತೊಟ್ಟಿಗೆ ಸುರಿಯಬೇಡಿ. ಜರಡಿಯಲ್ಲಿ ತೊಳೆದು ಮಾಂಸವನ್ನು ಮಾತ್ರ ಹಾಕಿ. ಐವತ್ತು ಗ್ರಾಮನ್ನು ಹತ್ತಕ್ಕೆ ಇಳಿಸಿದರೆ ಎಂಟು ಮೀನೂ ಬದುಕುತ್ತವೆ, ಇನ್ನೂ ಚುರುಕಾಗಿ. ಈ ಕೈಪಿಡಿಯಲ್ಲಿ ದುಡ್ಡು ಖರ್ಚಿಲ್ಲದ ಹಂತ ಇದೊಂದೇ, ಹಾಗಾಗಿ ಇದನ್ನು ಯಾರೂ ಮಾಡುವುದಿಲ್ಲ.

ಮೂರನೇ ಹಂತ: ನೀರು ಬದಲಿಸಿ

ಪ್ರತಿ ವಾರ ಐದನೇ ಒಂದು ಪಾಲು, ಅಂದರೆ ಇನ್ನೂರು ಲೀಟರ್ ತೆಗೆದು ಹೊಸದು ಹಾಕುವುದು ವಾಡಿಕೆ. ಎಂಬತ್ತು ಅರುವತ್ತನಾಲ್ಕಾಗುತ್ತದೆ, ಆಮೇಲೆ ಐವತ್ತೊಂದು, ನಲವತ್ತೊಂದು, ಮೂವತ್ತಮೂರು. ಒಂದಂಕಿಗೆ ಇಳಿಯಲು ಹತ್ತು ಸಲ ಬೇಕು. ಆದರೆ ಈ ಲೆಕ್ಕದಲ್ಲಿ ಮೀನು ಹತ್ತು ವಾರ ಉಪವಾಸ ಇದೆ. ನಿಜದಲ್ಲಿ ವಾರಕ್ಕೆ ಇಪ್ಪತ್ತೈದು ಏರುತ್ತಾ ಇದ್ದು ನೀವು ಐದನೇ ಒಂದು ಪಾಲು ನೀರು ಬದಲಿಸುತ್ತಾ ಹೋದರೆ, ಅದು ನೂರು ಮತ್ತು ನೂರಿಪ್ಪತ್ತೈದರ ನಡುವೆ ಎಲ್ಲೋ ನಿಂತುಬಿಡುತ್ತದೆ. ವರ್ಷಗಟ್ಟಲೆ ಬಕೆಟು ಹೊತ್ತರೂ ನೂರರ ಕೆಳಗೆ ಇಳಿಯುವುದಿಲ್ಲ. ಎರಡನೇ ಹಂತ ಪಾಲಿಸಿ ವಾರಕ್ಕೆ ಐದೇ ಏರುವ ಹಾಗೆ ಮಾಡಿದರೆ, ಅದೇ ಬಕೆಟು ನಿಮ್ಮನ್ನು ಇಪ್ಪತ್ತಕ್ಕೆ ತಂದು ಬಿಡುತ್ತದೆ. ಸೊಂಟನೋವು ಎರಡಕ್ಕೂ ಒಂದೇ.

ಹೊಸ ನೀರು ಎಲ್ಲಿಂದ? ಪೊಟ್ಟಣದ ಸಮುದ್ರದುಪ್ಪಿನಿಂದ ಮಾಡಿದರೆ ಇನ್ನೂರು ಲೀಟರಿಗೆ ಏಳು ಕಿಲೋ ಮೇಲೆ ಬೇಕು. ಅಡುಗೆಮನೆಯ ಉಪ್ಪು ಆಗದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವುದಿಲ್ಲ. ಬಾವಿಯ ನೀರನ್ನು ಕಣ್ಣು ಮುಚ್ಚಿ ಬಳಸಬೇಡಿ. ಕಲ್ಲಿನ ಕಟ್ಟೆ, ಕನ್ನಡಿಯಂಥ ನೀರು, ನಿಜ. ಆದರೆ ಬಾವಿ ಹಟ್ಟಿಯ ಪಕ್ಕದಲ್ಲೇ ಇದ್ದರೆ ಗೊಬ್ಬರಗುಂಡಿಯ ಸಾರಜನಕ ಮುರಕಲ್ಲಿನಿಂದ ಇಳಿದು ಅಲ್ಲಿಗೂ ಬಂದಿರಬಹುದು. ಅದೇ ಕಿಟ್ಟಿನಿಂದ ಬಾವಿಯನ್ನೂ ಅಳೆಯಿರಿ. ನಲವತ್ತೈದು ದಾಟಿದ್ದು ಕಂಡರೆ ಮೀನಿನ ವಿಷಯ ಬದಿಗಿಟ್ಟು ಮನೆಯಲ್ಲಿ ಹಸುಗೂಸು ಇದೆಯಾ ನೋಡಿ. ಆ ನೀರು ಮಗುವಿಗೆ ಮೀನಿಗಿಂತ ಹೆಚ್ಚು ಅಪಾಯ.

ಉಳಿದ ದಾರಿ ಕಾಪುವಿನ ಸಮುದ್ರ. 1901ರಿಂದ ದೀಪಸ್ತಂಭ ಹೊತ್ತು ನಿಂತಿರುವ ಬಂಡೆಯ ಆಚೆ, ಡಿಸೆಂಬರಿನಿಂದ ಏಪ್ರಿಲಿನವರೆಗೆ, ಭರತದ ಹೊತ್ತಿಗೆ ತೆಗೆದ ನೀರು ಯಾವ ಪೊಟ್ಟಣಕ್ಕಿಂತಲೂ ಮೇಲು. ಹೊಳೆ ಸೇರುವ ಅಳಿವೆಯ ಹತ್ತಿರ, ಬಂದರಿನ ಡೀಸೆಲ್ ಇರುವಲ್ಲಿ ಬೇಡ. ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲೆಯಲ್ಲಿ ಕೆಲವು ದಿನ ಇಟ್ಟು, ಉಪ್ಪಿನ ಅಂಶ ಅಳೆದು ಬಳಸಿ. ಪಿಕಪ್ಪಿನಲ್ಲಿ ಐದು ನೀಲಿ ಡ್ರಮ್ಮು ಹೇರಿಕೊಂಡು ಪೇಟೆ ದಾಟುವಾಗ ಯಾರಾದರೂ ಅಡ್ಡಹಾಕಿ “ಎಂತ ಅದು?” ಎಂದು ಕೇಳಿದರೆ ಸತ್ಯವನ್ನೇ ಹೇಳಿ. ನಂಬುವುದಿಲ್ಲ, ಆದರೆ ಬಿಟ್ಟುಬಿಡುತ್ತಾರೆ.

ಜೂನಿನ ನಂತರ ಈ ದಾರಿ ಮುಚ್ಚಿತು. ಉದ್ಯಾವರ ಹೊಳೆಯ ಕೆಂಪು ನೀರು ಸೇರಿ ದಡದ ಸಮುದ್ರ ಸಪ್ಪೆಯಾಗುತ್ತದೆ, ಕೆಸರಾಗುತ್ತದೆ. ಯಾಂತ್ರಿಕ ದೋಣಿಗಳಿಗೂ ಜೂನ್ 1ರಿಂದ ಜುಲೈ 31ರವರೆಗೆ ರಜೆ, ನೀವೂ ತೆಗೆದುಕೊಳ್ಳಿ.

ನಾಲ್ಕನೇ ಹಂತ: ತೊಟ್ಟಿಯೊಳಗೆ ಒಂದು ಗದ್ದೆ

ನೈಟ್ರೇಟನ್ನು ಹೊತ್ತು ಹಾಕದೆ ಅಲ್ಲಲ್ಲೇ ಇಲ್ಲವಾಗಿಸುವ ಒಂದು ಕ್ರಮ ಇದೆ. ಇದನ್ನು ಅರ್ಥ ಮಾಡಿಕೊಳ್ಳಲು ನಿಮ್ಮ ಮನೆಯ ಬೈಲುಗದ್ದೆ ಸಾಕು.

ನಾಟಿಯ ಗದ್ದೆಯ ನಿಂತ ನೀರಿಗೆ ಯೂರಿಯಾ ಚೆಲ್ಲಿದರೆ ಒಂದು ಪಾಲು ಭತ್ತಕ್ಕೆ ಸಿಗುವುದೇ ಇಲ್ಲವೆಂದು ಕೃಷಿ ಇಲಾಖೆಯವರು ಹೇಳುವುದನ್ನು ಕೇಳಿದ್ದೀರಿ. ಮೇಲಿನ ತೆಳು ಪದರದಲ್ಲಿ ಗಾಳಿ ಇದೆ, ಅಲ್ಲಿ ಸಾರಜನಕ ನೈಟ್ರೇಟ್ ಆಗುತ್ತದೆ. ಆ ನೈಟ್ರೇಟ್ ಕೆಳಗಿನ ಕಪ್ಪು ಕೆಸರಿಗೆ ಇಳಿಯುತ್ತದೆ. ಅಲ್ಲಿ ಆಮ್ಲಜನಕವಿಲ್ಲ. ಅಲ್ಲಿರುವ ಬ್ಯಾಕ್ಟೀರಿಯಾ ಉಸಿರಾಟಕ್ಕೆ ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತವೆ. ಉಳಿದ ಸಾರಜನಕ ಅನಿಲವಾಗಿ ಗುಳ್ಳೆಯೆದ್ದು ಹೋಗುತ್ತದೆ. ಕೃಷಿಕನಿಗೆ ಇದು ನಷ್ಟ. ನಿಮಗೆ ಇದೇ ಬೇಕಾದ್ದು.

ತೊಟ್ಟಿಯ ತಳದಲ್ಲಿ, ಅಥವಾ ತೊಟ್ಟಿಯ ಕೆಳಗಿಟ್ಟ ಫಿಲ್ಟರಿನ ಸಂಪಿನಲ್ಲಿ, ಸಣ್ಣ ಕಣದ ಸುಣ್ಣಮರಳನ್ನು ಹತ್ತರಿಂದ ಹದಿನೈದು ಸೆಂಟಿಮೀಟರ್ ದಪ್ಪಕ್ಕೆ ಹಾಸಿ. ಮೇಲಿನ ಒಂದೆರಡು ಸೆಂಟಿಮೀಟರಿನಲ್ಲಿ ಗಾಳಿ ಇರುತ್ತದೆ, ಕೆಳಗೆ ಇರುವುದಿಲ್ಲ. ತಿಂಗಳುಗಳು ಹಿಡಿಯುತ್ತವೆ, ಆಮೇಲೆ ಕೆಲಸ ತಾನೇ ನಡೆಯುತ್ತದೆ. ಗದ್ದೆ ಉಳುತ್ತೀರಿ, ಇದನ್ನು ಉಳಬಾರದು. ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಏಳಬಹುದು, ಮೀನು ಸಾಯಬಹುದು, ಚಾವಡಿಯಲ್ಲಿ ಕೂತ ಬೀಗರು ಎದ್ದು ಹೋಗಬಹುದು.

ಇದೇ ಕೆಲಸವನ್ನು ನಿಮ್ಮ ಪಶ್ಚಿಮಕ್ಕಿರುವ ಸಮುದ್ರವೂ ಮಾಡುತ್ತದೆ, ಲೋಕಕ್ಕೆ ಗೊತ್ತಾಗುವಷ್ಟು ದೊಡ್ಡದಾಗಿ. ಅರಬ್ಬೀ ಸಮುದ್ರದ ನಡುನೀರಿನಲ್ಲಿ ಸುಮಾರು ನೂರೈವತ್ತು ಮೀಟರಿನಿಂದ ಸಾವಿರ ಮೀಟರಿನ ಆಳದವರೆಗೆ ಆಮ್ಲಜನಕ ಹೆಚ್ಚೂಕಡಿಮೆ ಇಲ್ಲದ ಒಂದು ಪದರ ಇದೆ. ತೆರೆದ ಸಾಗರದಲ್ಲಿ ನೈಟ್ರೇಟ್ ಹೀಗೆ ಅನಿಲವಾಗಿ ಹೋಗುವ ಮುಖ್ಯ ಜಾಗ ಪ್ರಪಂಚದಲ್ಲಿ ಮೂರೇ: ಪೆಸಿಫಿಕ್ಕಿನ ಪೂರ್ವಭಾಗದಲ್ಲಿ ಎರಡು, ನಮ್ಮದು ಮೂರನೆಯದು. ಮಳೆಗಾಲದ ಕೊನೆಯಲ್ಲಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಭಾರತದ ಪಶ್ಚಿಮ ಕರಾವಳಿಯ ಆಳವಿಲ್ಲದ ನೀರಿನ ತಳದಲ್ಲೂ ಹೀಗೇ ಆಗುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಕ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು; ಅರ್ಧಕ್ಕೇ ನಿಂತ ಈ ಪ್ರಕ್ರಿಯೆಯಿಂದ ಭೂಮಿಯನ್ನು ಬಿಸಿ ಮಾಡುವ ನೈಟ್ರಸ್ ಆಕ್ಸೈಡ್ ಎಷ್ಟು ಏಳುತ್ತದೆಂಬುದು ಅವರ ಚಿಂತೆ. ನಿಮ್ಮ ಆರಡಿಯ ಮರಳಿನಿಂದ ಹವಾಮಾನಕ್ಕೆ ಏನೂ ಆಗದು, ನಿಶ್ಚಿಂತೆಯಿಂದಿರಿ.

ರಂಧ್ರಗಳಿರುವ ಹವಳದ ಕಲ್ಲು ಕೂಡ ಒಳಗೊಳಗೆ ಇದೇ ಕೆಲಸ ಮಾಡುತ್ತದೆ. ಜಕಾರ್ತಾದ ಲೀ ಚಿನ್ ಎಂಗ್ 1961ರಷ್ಟು ಹಿಂದೆಯೇ ಜೀವಂತ ಕಲ್ಲು, ಗಾಳಿಯ ಗುಳ್ಳೆ ಇಷ್ಟರಿಂದಲೇ ತೊಟ್ಟಿ ನಡೆಸಿದವರು. ಹಾಗೆಂದು ಮುರುಡೇಶ್ವರದ ನೇತ್ರಾಣಿಗೆ ದೋಣಿ ಮಾಡಿಕೊಂಡು ಹೋಗಬೇಡಿ. ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ ಇರುವ ಅದೇ ಪಟ್ಟಿ. ಕಲ್ಲಿನ ಅಂಗಡಿಯವನು “ಎಂತ ತೊಂದರೆ ಇಲ್ಲ ಅಣ್ಣ” ಎಂದರೆ ಬಿಲ್ಲು ಕೇಳಿ. ಒಣ ಕಲ್ಲು, ಸುಟ್ಟ ಮಣ್ಣಿನ ಕೃತಕ ಕಲ್ಲು ಸಿಗುತ್ತವೆ. ಆರು ತಿಂಗಳಲ್ಲಿ ಬ್ಯಾಕ್ಟೀರಿಯಾ ತಾನೇ ಒಕ್ಕಲು ಬರುತ್ತದೆ.

ಐದನೇ ಹಂತ: ಅಡುಗೆಮನೆಯಿಂದ

ಬ್ಯಾಕ್ಟೀರಿಯಾಕ್ಕೆ ಇಂಗಾಲ ಕೊಟ್ಟರೆ ಅವು ಬೆಳೆಯಲು ನೀರಿನ ನೈಟ್ರೇಟನ್ನು, ಫಾಸ್ಫೇಟನ್ನು ಎಳೆದುಕೊಳ್ಳುತ್ತವೆ. ಹೊರದೇಶದ ಹವ್ಯಾಸಿಗಳು ಇದಕ್ಕೆ ವೋಡ್ಕಾ ಹಾಕುತ್ತಾರೆ. ಇನ್ನಂಜೆಯಲ್ಲಿ “ಮೀನಿಗೆ ಬೇಕು” ಎಂದು ವೈನ್ ಶಾಪಿಗೆ ಹೋಗುವ ಗಂಡನನ್ನು ನಂಬುವ ಹೆಂಡತಿ ಇನ್ನೂ ಹುಟ್ಟಿಲ್ಲ. ಬಿಳಿ ವಿನೆಗರ್ ಸಾಕು. ಸಾವಿರ ಲೀಟರಿಗೆ ದಿನಕ್ಕೆ ಎಂಟು ಮಿಲಿಲೀಟರಿನಿಂದ ಶುರು ಮಾಡಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ, ನೈಟ್ರೇಟ್ ಇಳಿಯತೊಡಗಿದ ಕೂಡಲೇ ಏರಿಸುವುದು ನಿಲ್ಲಿಸಿ. ನೀರು ಹಾಲಿನಂತಾದರೆ ಜಾಸ್ತಿಯಾಗಿದೆ. ಶೇಂದಿ ಹಾಕಬಹುದೇ ಎಂದು ಕೇಳುವವರಿದ್ದಾರೆ: ಬೇಡ, ಅದರಲ್ಲಿ ಯೀಸ್ಟು, ಪ್ರೋಟೀನು ಎಲ್ಲ ಇದೆ, ಕಡಿಮೆ ಮಾಡಬೇಕಾದ್ದನ್ನೇ ಸೇರಿಸಿದಂತೆ.

ಎಚ್ಚರಿಕೆ, ಇದು ತಮಾಷೆಯದ್ದಲ್ಲ. ಬೆಳೆದ ಬ್ಯಾಕ್ಟೀರಿಯಾ ಆಮ್ಲಜನಕ ಕುಡಿಯುತ್ತದೆ. ಜುಲೈ ರಾತ್ರಿ ತೆಂಗಿನ ಗರಿ ತಂತಿಗೆ ಬಿದ್ದು ಕರೆಂಟು ಹೋದಾಗ, ಅಂದೇ ವಿನೆಗರ್ ಹಾಕಿದ ತೊಟ್ಟಿ ಮೊದಲು ಉಸಿರುಗಟ್ಟುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದು ಕಡ್ಡಾಯ. ಇನ್ವರ್ಟರಿನ ಮೇಲೆ ಟಿವಿ ಮೊದಲೋ ಪಂಪು ಮೊದಲೋ ಎಂಬುದನ್ನು ಧಾರಾವಾಹಿ ಶುರುವಾಗುವ ಮೊದಲೇ ತೀರ್ಮಾನಿಸಿಕೊಳ್ಳಿ.

ಬೆಳೆದ ಬ್ಯಾಕ್ಟೀರಿಯಾ ತೊಟ್ಟಿಯಲ್ಲೇ ಸತ್ತರೆ ಸಾರಜನಕ ವಾಪಸು ನೀರಿಗೇ. ಅದನ್ನು ಹೊರತೆಗೆಯುವುದು ಪ್ರೋಟೀನ್ ಸ್ಕಿಮ್ಮರ್. ಸಣ್ಣ ಗುಳ್ಳೆಗಳಿಗೆ ಜಿಡ್ಡು, ಪ್ರೋಟೀನು ಅಂಟಿಕೊಂಡು ನೊರೆಯಾಗಿ ಮೇಲಿನ ಬಟ್ಟಲಿಗೆ ಬರುತ್ತದೆ. ಜುಲೈಯಲ್ಲಿ ಕಾಪು ಬೀಚಿನಲ್ಲಿ ನಿಲ್ಲುವ ಹಳದಿ ನೊರೆ ಕೂಡ ಇದೇ ಸಂಗತಿ. ಬಟ್ಟಲು ತೊಳೆಯುವುದು ಯಾರ ಕೆಲಸ ಎಂದು ಸ್ಕಿಮ್ಮರಿನ ಕಂಪನಿಯ ಕೈಪಿಡಿಯಲ್ಲಿ ಬರೆದಿರುವುದಿಲ್ಲ. ನಿಮ್ಮದು. ಅಂಗಳದ ಮೂಲೆಯಲ್ಲಿ, ಗಾಳಿ ಬೀಸುವ ದಿಕ್ಕು ನೋಡಿಕೊಂಡು.

ಆರನೇ ಹಂತ: ಪಾಚಿ ಮತ್ತು ಪಕ್ಕದ ಮನೆಯ ಮಲ್ಲಿಗೆ

ಸಂಪಿನ ಒಂದು ಕೋಣೆಯಲ್ಲಿ ಕೀಟೋಮಾರ್ಫಾ ಎಂಬ ಹಸಿರು ನೂಲಿನ ಪಾಚಿಯ ಉಂಡೆ ಬಿಟ್ಟು, ಮೇಲೆ ದೀಪ ಹಾಕಿ. ಮೇಲಿನ ತೊಟ್ಟಿ ಕತ್ತಲಾದಾಗ ಕೆಳಗಿನ ದೀಪ ಉರಿಯಲಿ. ರಾತ್ರಿ ಪಿಎಚ್ ಇಳಿಯುವುದು ಕಡಿಮೆಯಾಗುತ್ತದೆ. ಪಾಚಿ ನೈಟ್ರೇಟ್ ತಿಂದು ಬೆಳೆಯುತ್ತದೆ. ಬಹಳ ಜನ ಇಲ್ಲಿಗೇ ಖುಷಿಪಟ್ಟು ನಿಲ್ಲಿಸುತ್ತಾರೆ, ಉಂಡೆ ದಪ್ಪವಾದಷ್ಟೂ ನೆಂಟರಿಗೆ ತೋರಿಸುತ್ತಾರೆ. ತೆಗೆದು ಹೊರಹಾಕುವವರೆಗೆ ಸಾರಜನಕ ಹೋಗಿಲ್ಲ, ಬರೀ ಬಣ್ಣ ಬದಲಿಸಿ ಕೂತಿದೆ. ವಾರಕ್ಕೆ ಒಂದು ಹಿಡಿ ಹಿಂಡಿ ತೆಗೆಯಿರಿ.

ತೆಗೆದದ್ದನ್ನು ಏನು ಮಾಡುವುದು? ಇಲ್ಲಿ ಇನ್ನಂಜೆಯವರಿಗೆ ಬೇರೆಯವರಿಗಿಲ್ಲದ ಅನುಕೂಲ ಇದೆ. ನಿಮ್ಮ ಪಾಗಾರದ ಆಚೆ ಮಲ್ಲಿಗೆ ಗಿಡಗಳಿವೆ. ಪಕ್ಕದ ಮನೆಯ ಅಕ್ಕ ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಾಕಿ ಶಂಕರಪುರದ ಕಟ್ಟೆಗೆ ಕಳಿಸುತ್ತಾರೆ. ಆ ಗಿಡಕ್ಕೆ ಅವರು ದುಡ್ಡು ಕೊಟ್ಟು ಕಡ್ಲೆಹಿಂಡಿ ತಂದು, ನೆನೆಸಿ ಕೊಳೆಯಿಸಿ, ಸೆಗಣಿ ನೀರು ಸೇರಿಸಿ, ಮೂಗು ಮುಚ್ಚಿಕೊಂಡು ಎರೆಯುವುದು ಯಾತಕ್ಕೆ? ಪ್ರೋಟೀನು ಕೊಳೆತು ಅಮೋನಿಯಾ ಆಗಿ, ಮಣ್ಣಿನಲ್ಲಿ ನೈಟ್ರೇಟ್ ಆಗಲಿ ಎಂದು. ನೀವು ಸ್ಕಿಮ್ಮರು, ದೀಪ, ಮರಳು, ವಿನೆಗರ್ ಎಂದು ಓಡಿಸುತ್ತಿರುವ ಅದೇ ವಸ್ತುವನ್ನು ಅವರು ಪಾಗಾರದ ಆಚೆ ತಯಾರಿಸುತ್ತಿದ್ದಾರೆ.

ತೊಟ್ಟಿಯ ನೀರನ್ನು ನೇರ ಅಲ್ಲಿಗೆ ಬಿಡುವ ಯೋಚನೆ ಈಗ ನಿಮಗೆ ಬಂದಿರುತ್ತದೆ. ಬೇಡ. ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪಿದೆ. ಗಿಡದ ಜೊತೆ ನೆರೆಹೊರೆಯ ಮಾತುಕತೆಯೂ ಒಣಗುತ್ತದೆ. ಬದಲಿಸಿದ ನೀರನ್ನು ಬಾವಿಯ, ತೋಟದ ಕಡೆಗೆ ಎಂದೂ ಹರಿಸಬೇಡಿ. ಆದರೆ ಪಾಚಿಯನ್ನು ಮೂರು ನೀರಿನಲ್ಲಿ ಚೆನ್ನಾಗಿ ತೊಳೆದು, ಮಳೆಗೆ ಒಡ್ಡಿ, ತರಗೆಲೆಯ ಜೊತೆ ಕೊಳೆಯಿಸಿ ಕೊಟ್ಟರೆ ಒಳ್ಳೆಯ ಗೊಬ್ಬರ. ಸ್ವಲ್ಪವೇ ಕೊಡಿ. ಸಾರಜನಕ ಜಾಸ್ತಿಯಾದರೆ ಮಲ್ಲಿಗೆ ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ. ಮದುವೆಯ ಸೀಸನ್ನಿನಲ್ಲಿ ಅಟ್ಟೆಗೆ ಬೆಲೆ ಏರಿರುವಾಗ ಹಾಗಾದರೆ ನಿಮ್ಮ ಅಕ್ವೇರಿಯಂ ಊರಿನ ಪಂಚಾಯತಿಕೆಗೆ ಬರುತ್ತದೆ.

ಸಾಮಾನ್ಯ ಪ್ರಶ್ನೆಗಳು

ನೈಟ್ರೇಟ್ ಸೊನ್ನೆಗೆ ಬಂದಿದೆ. ಗೆದ್ದಂತೆಯೇ? ಅಲ್ಲ. ಹವಳದೊಳಗಿನ ಪಾಚಿಗೂ ಸ್ವಲ್ಪ ನೈಟ್ರೇಟ್ ಬೇಕು. ಸೊನ್ನೆಯಾದರೆ ಹವಳ ಬಿಳಚಿಕೊಳ್ಳುತ್ತದೆ. ಆಲ್ಫ್ರೆಡ್ ರೆಡ್‌ಫೀಲ್ಡ್ ತೋರಿಸಿದಂತೆ ಸಮುದ್ರದ ಸೂಕ್ಷ್ಮಜೀವಿಗಳ ಮೈಯಲ್ಲಿ ಸಾರಜನಕ ಮತ್ತು ರಂಜಕ ಸರಿಸುಮಾರು ಹದಿನಾರಕ್ಕೆ ಒಂದರ ಲೆಕ್ಕದಲ್ಲಿರುತ್ತವೆ. ಒಂದನ್ನೇ ಪೂರ್ತಿ ತೆಗೆದರೆ ಇನ್ನೊಂದು ಉಳಿದು, ಕೆಂಪು ಲೋಳೆಯಂಥ ಬೇರೆ ಕಾಟ ಶುರುವಾಗುತ್ತದೆ.

ಒಂದೇ ವಾರದಲ್ಲಿ ಎಂಬತ್ತರಿಂದ ಐದಕ್ಕೆ ಇಳಿಸಬಹುದೇ? ಇಳಿಸಬಹುದು. ಹವಳ ಸಾಯುತ್ತದೆ. ಏರಲು ಎರಡು ವರ್ಷ ತೆಗೆದುಕೊಂಡದ್ದಕ್ಕೆ ಇಳಿಯಲು ಎರಡು ಮೂರು ತಿಂಗಳಾದರೂ ಕೊಡಿ.

ಮೀನು ಮಾರಲು ಬರುವ ಅಕ್ಕ ಗಾಜಿನೊಳಗಿನ ಹಳದಿ ಮೀನು ನೋಡಿ, “ಕಿಲೋಗೆ ಎಷ್ಟು ಬಿತ್ತು?” ಎಂದು ಕೇಳಿದರು. ಏನು ಹೇಳಲಿ? ಸುಳ್ಳು ಹೇಳಿ. ನಿಜ ಹೇಳಿದರೆ ನಾಳೆಯಿಂದ ನಿಮಗೆ ಅಂಜಲಿನ ಬೆಲೆ ಬೇರೆ.

ಕೋಡಂಗಿ ಮೀನು ಸಮುದ್ರದಿಂದ ಹಿಡಿದದ್ದೋ, ಸಾಕಿದ್ದೋ? ಕೊಳ್ಳುವಾಗ ಕೇಳಿ. ಕೇರಳದ ವಿಳಿಂಜಂನಲ್ಲಿರುವ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರದಂಥ ಕಡೆ ಅದನ್ನು ಮರಿ ಮಾಡಿಸಿ ಬೆಳೆಸುವುದು ನಮ್ಮ ದೇಶದಲ್ಲೇ ಸಾಧ್ಯವಾಗಿದೆ. ತೊಟ್ಟಿಯಲ್ಲೇ ಹುಟ್ಟಿದ ಮೀನಿಗೆ ಸಮುದ್ರ ನೋಡಿ ಗೊತ್ತಿರುವುದಿಲ್ಲ. ನಿಮ್ಮ ಚಾವಡಿಯನ್ನು ಹೋಲಿಸಿ ನೋಡುವ ತೊಂದರೆ ಅದಕ್ಕಿಲ್ಲ.

ಖಾತರಿ

ಈ ಹಂತಗಳನ್ನು ಪಾಲಿಸಿದರೆ ಆರು ತಿಂಗಳಲ್ಲಿ ನೈಟ್ರೇಟ್ ಇಪ್ಪತ್ತರ ಕೆಳಗೆ ಬರುತ್ತದೆ ಎಂದು ಭರವಸೆ ಕೊಡಲಾಗಿದೆ. ಕೆಳಗಿನ ಸಂದರ್ಭಗಳಲ್ಲಿ ಖಾತರಿ ಅನ್ವಯಿಸುವುದಿಲ್ಲ. ಮನೆಯವರೆಲ್ಲ ಮದುವೆಗೆ ಹೋಗುವಾಗ ಕೆಲಸದ ಹುಡುಗನ ಕೈಗೆ ಡಬ್ಬಿಗಳ ಬದಲು ಇಡೀ ಪೊಟ್ಟಣ ಕೊಟ್ಟದ್ದು. ಗಲ್ಫಿನಿಂದ ರಜೆಗೆ ಬಂದ ತಮ್ಮ, “ಅಲ್ಲಿ ಹೀಗೇ ಮಾಡ್ತಾರೆ” ಎಂದು ಮರಳನ್ನು ಕೆದಕಿದ್ದು. ಎರಡನೇ ಬಾಟಲಿ ಕುಲುಕದೆ ಬಂದ ಯಾವುದೇ ಅಂಕಿ. ಸತ್ತ ಮೀನು ಕಲ್ಲಿನ ಹಿಂದೆ ಇದೆ ಎಂದು ಗೊತ್ತಿದ್ದೂ, ಕಲ್ಲು ಜೋಡಿಸಿದ ಚಂದ ಕೆಡುತ್ತದೆಂದು ಹಾಗೇ ಬಿಟ್ಟದ್ದು. ಹಾಗೂ ಮುಖ್ಯವಾಗಿ, ನೈಟ್ರೇಟ್ ಇಳಿದ ಸಂತೋಷದಲ್ಲಿರುವಾಗ ಭಾವ ಫೋನು ಮಾಡಿ, “ಒಬ್ಬರ ಹತ್ತಿರ ಒಂದು ಸಣ್ಣ ಶಾರ್ಕ್ ಉಂಟಂತೆ, ಕೈ ಉದ್ದ ಮಾತ್ರ” ಎಂದಾಗ, ನೀವು “ಎಷ್ಟಂತೆ?” ಎಂದು ಕೇಳಿದ್ದು.